ಕಟ್ಟೆಯ ಖರ್ಚು ಯಾರ ಲೆಕ್ಕಕ್ಕೆ?

ಹೊಳೆನರಸೀಪುರದ ಪೇಟೆಯಲ್ಲಿ ಎದುರುಬದುರಾಗಿ ಎರಡು ಅಂಗಡಿಗಳಿವೆ. ಎರಡರಲ್ಲೂ ಮಾರುವ ಸರಕು ಒಂದೇ, ಇಂಟರ್ನೆಟ್. ಒಂದು ನಮ್ಮ ಮೊಹಲ್ಲಾದ ಹುಡುಗನದು. ಮೊದಲು ಟಿ.ವಿ. ಕೇಬಲ್ ಎಳೆಯಲು ಮನೆಮನೆಯ ತಾರಸಿ ಹತ್ತುತ್ತಿದ್ದವನು, ಆಮೇಲೆ ಪರವಾನಗಿ ಮಾಡಿಸಿಕೊಂಡು ಮನೆಗಳಿಗೆ ನೆಟ್ ಕೊಡತೊಡಗಿದ. ಇನ್ನೊಂದು ಅಂಗಡಿ ಅವನ ಜೊತೆ ಒಂದೇ ಬೆಂಚಿನಲ್ಲಿ ಕೂತು ಹೈಸ್ಕೂಲು ಓದಿದ ಗೌಡರ ಹುಡುಗನದು. ಈ ಮೆಟ್ಟಿಲಿನಿಂದ ಆ ಮೆಟ್ಟಿಲಿಗೆ ನಾವು ನಡೆದು ಎಣಿಸಿದ್ದೇವೆ, 14 ಹೆಜ್ಜೆ.

2020ರ ಲಾಕ್‌ಡೌನ್ ದಿನಗಳಲ್ಲಿ ನಮ್ಮ ತಂಗಿಯ ಮಗಳು ಬೀದಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಳು. ಪಾಠಗಳನ್ನು ಮನೆಯ ಕಂಪ್ಯೂಟರಿನಲ್ಲೇ ತುಂಬಿಟ್ಟು, ಮಕ್ಕಳು ತಮ್ಮ ತಮ್ಮ ಮನೆಯಿಂದ ಅದನ್ನು ತೆರೆದು ನೋಡುವಂಥ ಏರ್ಪಾಟನ್ನು ನಮ್ಮ ಹುಡುಗ ಮಾಡಿಕೊಟ್ಟಿದ್ದ. ಅವಳ ಮನೆಗೆ ಇವನ ಲೈನು. ಮಕ್ಕಳಲ್ಲಿ ಅರ್ಧದಷ್ಟು ಜನರ ಮನೆಗೆ ಗೌಡರ ಹುಡುಗನ ಲೈನು. ಒಂದು ಮಧ್ಯಾಹ್ನ ಚನ್ನರಾಯಪಟ್ಟಣದ ಕಡೆ ರಸ್ತೆ ಕೆಲಸದ ಜೆಸಿಬಿ ಕೇಬಲ್ ಕಿತ್ತುಹಾಕಿತು. ನಮ್ಮ ಹುಡುಗನ ಗಿರಾಕಿಗಳ ಮಕ್ಕಳಿಗೆ ಪಾಠ ನಡೆಯುತ್ತಲೇ ಇತ್ತು. ಎದುರು ಸಾಲಿನ ಮಕ್ಕಳಿಗೆ ನಿಂತುಹೋಯಿತು. ಮೇಡಂ ಮನೆ ಅವರ ಕಿಟಕಿಗೆ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಬಂದು, ನಮ್ಮ ತಂಗಿಯ ಮನೆಯ ಕಿಟಕಿಯ ಹೊರಗೆ ನೋಟ್‌ಪುಸ್ತಕ ಹಿಡಿದು ನಿಂತ.

ಇದು ಹೇಗೆ ಎಂದು ನಾವು ಕೇಳಿದೆವು.

"ಮಾಮೂ, ಈ ಅಂಗಡಿಯಿಂದ ಆ ಅಂಗಡಿಗೆ ದಾರಿಯೇ ಇಲ್ಲ," ಎಂದ ಹುಡುಗ. "ನಮ್ಮ ಲೈನು ಬೆಂಗಳೂರಿಗೆ ಹೋಗ್ತದೆ. ಅವನದೂ ಬೆಂಗಳೂರಿಗೆ ಹೋಗ್ತದೆ. ಇಬ್ಬರೂ ಅಲ್ಲಿ ಸೇರ್ತೀವಿ. ಅಲ್ಲೂ ಸೇರದಿದ್ರೆ ಚೆನ್ನೈಲೋ ಮುಂಬೈಲೋ."

14 ಹೆಜ್ಜೆಯ ದಾರಿಗೆ ಹೋಗಿಬರಲು ಸುಮಾರು 400 ಕಿಲೋಮೀಟರ್. ಬೆಳಕು ಗಾಜಿನ ಎಳೆಯೊಳಗೆ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆಯಾದ್ದರಿಂದ ಈ ಸುತ್ತಿಗೆ ಹಿಡಿಯುವ ಹೊತ್ತು ಸೆಕೆಂಡಿನ 500ನೇ ಒಂದು ಪಾಲು ಮಾತ್ರ. ಹೊತ್ತು ನಷ್ಟವಾಗುತ್ತದೆಂದು ಯಾರೂ ಅಳಬೇಕಾಗಿಲ್ಲ. ನಷ್ಟವಾಗುವುದು ಬಾಡಿಗೆ. ಆ ದಾರಿ ಇನ್ನೊಬ್ಬರದು, ಅದರಲ್ಲಿ ಸಾಗುವ ಪ್ರತಿಯೊಂದಕ್ಕೂ ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ದಾರಿ ಕಡಿದರೆ ಎದುರು ಮನೆಯೂ ಪರದೇಶವಾಗುತ್ತದೆ. ನಮ್ಮ ಹಾಸನದಲ್ಲಿ 1982ರಿಂದ ಇಸ್ರೋದವರ ಉಪಗ್ರಹ ನಿಯಂತ್ರಣ ಕೇಂದ್ರವಿದೆ. ತಲೆಯ ಮೇಲೆ 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳೊಡನೆ ಹಗಲಿರುಳು ಮಾತಾಡುವ ಜಿಲ್ಲೆ ಇದು. ಬೀದಿ ದಾಟಲು ಮಾತ್ರ ನಮಗೆ ಬೆಂಗಳೂರು ಬೇಕಾಗಿದೆ.

ಇಂಥ ಅಂಗಡಿಗಳೆಲ್ಲ ತಮ್ಮ ತಮ್ಮ ತಂತಿಗಳನ್ನು ತಂದು ಒಂದೆಡೆ ಜೋಡಿಸಿಕೊಂಡು, ನನ್ನ ಗಿರಾಕಿಗೆ ಬಂದದ್ದನ್ನು ನನಗೆ ಕೊಡು, ನಿನ್ನ ಗಿರಾಕಿಗೆ ಬಂದದ್ದನ್ನು ನಿನಗೆ ಕೊಡುತ್ತೇನೆ ಎಂದು ಒಪ್ಪಿಕೊಳ್ಳುವ ಜಾಗಕ್ಕೆ ಇಂಟರ್ನೆಟ್ ಎಕ್ಸ್‌ಚೇಂಜ್ ಎನ್ನುತ್ತಾರೆ. ಹಳೆಯ ಟೆಲಿಫೋನ್ ಎಕ್ಸ್‌ಚೇಂಜ್ ಬೇರೆ, ಅದು ಒಂದೇ ಇಲಾಖೆಯ ಮನೆ. ಇದು ಹಲವರ ನಡುವಿನ ಅರಳಿಕಟ್ಟೆ. ಕಟ್ಟೆ ಯಾರ ಮನೆಯೂ ಅಲ್ಲ, ಎಲ್ಲರೂ ಬಂದು ಕೂರಬಹುದು ಎಂಬುದರಿಂದಲೇ ಅದು ಕಟ್ಟೆ. ಆದರೆ ಅರಳಿಮರದ ಬುಡಕ್ಕೆ ಕಲ್ಲು ಹೊಂದಿಸಿದವರು ಯಾರೋ ಇದ್ದಾರೆ, ಬಿರುಕಿಗೆ ಗಾರೆ ಮೆತ್ತುವವರು ಯಾರೋ ಇದ್ದಾರೆ. ಅದರ ಖರ್ಚು ಯಾರು ಕೊಡಬೇಕು, ಯಾವ ನ್ಯಾಯದ ಮೇಲೆ ಕೊಡಬೇಕು ಎಂಬ ಪ್ರಶ್ನೆ ಈ ತಂತಿಗಳ ಕಾಲಕ್ಕೆ ಹೊಸ ವೇಷದಲ್ಲಿ ಬಂದು ನಿಂತಿದೆ.

ಈ ಕಟ್ಟೆಗೆ ಏನೇನು ಬೇಕು? ನಮಗೆ ತಿಳಿದಿದ್ದು ನಮ್ಮ ಹುಡುಗ ಹೇಳಿದಷ್ಟೇ. ಮೊದಲು ಒಂದು ಪೆಟ್ಟಿಗೆ, ಸ್ವಿಚ್ ಅನ್ನುತ್ತಾರೆ. ಚಿಕ್ಕ ಊರಿಗೆ ಸಾಕಾಗುವಂಥದ್ದು ಜಾತ್ರೆಯಲ್ಲಿ ಒಳ್ಳೆ ಹಳ್ಳಿಕಾರ್ ಜೋಡಿಗೆ ಕೊಡುವ ದುಡ್ಡಿಗೆ ಸಿಗುತ್ತದೆ. ಕೆಟ್ಟರೆ ಇರಲೆಂದು ಎರಡನೆಯದೊಂದು ಬೇಕು. ಯಾವ ವಿಳಾಸ ಯಾರ ಬಳಿ ಇದೆಯೆಂದು ಎಲ್ಲರಿಗೂ ಸಾರುವ ಒಂದು ಕಂಪ್ಯೂಟರ್ ಬೇಕು. ಇಷ್ಟು ಒಮ್ಮೆ ಕೊಂಡರೆ ಆಯಿತು. ನಿಲ್ಲದ ಖರ್ಚು ಆಮೇಲಿನದು. ದೂಳಿಲ್ಲದ ಕೋಣೆ, ಅದರ ಬಾಡಿಗೆ. ಹಗಲೂ ರಾತ್ರಿ ಓಡುವ ಏರ್‌ಕಂಡಿಷನರ್. ಮುಂಗಾರಿನಲ್ಲಿ ನಮ್ಮ ಕಡೆ ಗಾಳಿ ಬೀಸಿದರೆ ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆಂದು ಹೇಳುವಂತಿಲ್ಲ, ಹಾಗಾಗಿ ಬ್ಯಾಟರಿ, ಬ್ಯಾಟರಿಯ ಹಿಂದೆ ಜನರೇಟರು, ಜನರೇಟರಿಗೆ ಡೀಸೆಲ್. ಬ್ಯಾಟರಿಗೆ ಕೆಲವೇ ವರ್ಷದ ಆಯಸ್ಸು. ರಾತ್ರಿ ಎರಡು ಗಂಟೆಗೆ ಫೋನ್ ಬಂದರೆ ಎದ್ದು ಹೋಗುವ ಒಬ್ಬ ಮನುಷ್ಯ. ಇವೆಲ್ಲದಕ್ಕಿಂತ ದುಬಾರಿಯಾದದ್ದು ಪ್ರತಿಯೊಬ್ಬನೂ ತನ್ನ ಅಂಗಡಿಯಿಂದ ಕಟ್ಟೆಯವರೆಗೆ ಎಳೆಯಬೇಕಾದ ತಂತಿ. ಕಂಬಕ್ಕೆ ಬಾಡಿಗೆ, ರಸ್ತೆ ಅಗೆಯಲು ಅನುಮತಿ, ಅಗೆದ ರಸ್ತೆ ಮುಚ್ಚಲು ಠೇವಣಿ.

ಸಂತೆಗೆ ಹೋಗುವವರಿಗೆ ಈ ಲೆಕ್ಕ ಗೊತ್ತಿರುತ್ತದೆ. ಸಂತೆಮಾಳದ ಸುಂಕ ಬುಟ್ಟಿಗೆ ಇಷ್ಟು ಎಂದು ಚಿಕ್ಕದೇ. ಊರಿನಿಂದ ಸಂತೆಗೆ ಗಾಡಿ ಬಾಡಿಗೆ ದೊಡ್ಡದು. ಹೊಳೆನರಸೀಪುರದ ಅಂಗಡಿಯವನಿಗೆ ಬೆಂಗಳೂರಿನ ಡೇಟಾ ಸೆಂಟರುಗಳಲ್ಲಿರುವ ಎಕ್ಸ್‌ಚೇಂಜುಗಳ ಬಾಗಿಲು ತೆರೆದೇ ಇದೆ. ಬಾಗಿಲ ತನಕ ಹೋಗುವ ಗಾಡಿ ಬಾಡಿಗೆಯೇ ಅವನನ್ನು ಹಿಂಡುವುದು.

ನಮ್ಮ ದೇಶದಲ್ಲಿ ಈ ಕಟ್ಟೆಗಳಿಗೆ ಹೆಚ್ಚು ವಯಸ್ಸಾಗಿಲ್ಲ. ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತು. 1998ರಲ್ಲಿ ಖಾಸಗಿಯವರಿಗೂ ಬಾಗಿಲು ತೆರೆಯಿತು. ಆಮೇಲೆ ಹಲವು ವರ್ಷ, ಒಂದೇ ಊರಿನ ಎರಡು ಕಂಪನಿಗಳ ಗಿರಾಕಿಗಳ ನಡುವಿನ ಕಾಗದ ಅಮೆರಿಕಕ್ಕೋ ಸಿಂಗಪುರಕ್ಕೋ ಹೋಗಿ ಬರುತ್ತಿತ್ತು. ಪಕ್ಕದ ಮನೆಯಿಂದ ಉಪ್ಪು ತರಲು ಹಡಗು ಹತ್ತಿದ ಹಾಗೆ. ಆ ಹಡಗಿನ ಚಾರ್ಜನ್ನು ಡಾಲರಿನಲ್ಲಿ ಕಟ್ಟುತ್ತಿದ್ದೆವು. 2003ರಲ್ಲಿ ಕೇಂದ್ರ ಸರ್ಕಾರದ ಮುಂದಾಳತ್ವದಲ್ಲಿ, ಲಾಭಕ್ಕಾಗಿ ಅಲ್ಲದ ಕಂಪನಿಯಾಗಿ, ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ಹುಟ್ಟಿತು. ನಿಕ್ಸಿ ಎಂದು ಅದರ ಮನೆಹೆಸರು. ಮೊದಲ ಕಟ್ಟೆ ನೋಯ್ಡಾದಲ್ಲಿ. ಕ್ರಮೇಣ ಇತರ ನಗರಗಳಿಗೂ ಬಂತು, ಬೆಂಗಳೂರಿಗೂ ಬಂತು. ಖಾಸಗಿಯವರ ಎಕ್ಸ್‌ಚೇಂಜುಗಳೂ ಬಂದವು, ಮುಂಬಯಿಯಲ್ಲಿ ಅವು ಬಹಳ ದೊಡ್ಡದಾಗಿಯೇ ಬೆಳೆದವು.

ನಿಕ್ಸಿಯ ಮೊದಮೊದಲ ನಿಯಮವೊಂದರ ಬಗ್ಗೆ ನಾವು ಸ್ವಲ್ಪ ನಿಂತು ಯೋಚಿಸಬೇಕು. ಕಟ್ಟೆಗೆ ಬಂದವನು ಎಷ್ಟು ತರಿಸಿಕೊಂಡ, ಎಷ್ಟು ಕಳಿಸಿದ ಎಂದು ಅಳೆಯುವುದು. ತರಿಸಿಕೊಂಡದ್ದರಲ್ಲಿ ಕಳಿಸಿದ್ದನ್ನು ಕಳೆಯುವುದು. ಉಳಿದದ್ದಕ್ಕೆ ಅವನು ದುಡ್ಡು ಕಟ್ಟಬೇಕು, ಅದು ಕಳಿಸಿದವರಿಗೆ ಸೇರಬೇಕು. ಎಕ್ಸ್ ಮೈನಸ್ ವೈ ಎಂದು ಅದಕ್ಕೆ ಲೆಕ್ಕದ ಹೆಸರು. ಕೇಳಿದವನು ಕೊಡಲಿ ಎಂಬುದು ಅದರ ನ್ಯಾಯ. ಮೇಲ್ನೋಟಕ್ಕೆ ಸರಿಯಾಗಿಯೇ ಇದೆ, ಹಾಲು ಕೊಂಡವನು ತಾನೇ ದುಡ್ಡು ಕೊಡುವುದು?

ಆದರೆ ಮನೆಗಳಿಗೆ ಲೈನು ಕೊಡುವ ಚಿಕ್ಕ ಅಂಗಡಿಯವನು ಯಾವಾಗಲೂ ತರಿಸಿಕೊಳ್ಳುವವನೇ. ಅವನ ಗಿರಾಕಿಗಳು ನೋಡುವವರು, ಓದುವವರು, ಕಳಿಸುವವರಲ್ಲ. ತಿಂಗಳ ಕೊನೆಗೆ ಬಡಪಾಯಿಯೇ ಶ್ರೀಮಂತನಿಗೆ ಕಟ್ಟಬೇಕಾಯಿತು. ದೊಡ್ಡವರಲ್ಲಿ ಕೆಲವರು ಕಟ್ಟೆಗೆ ಬಂದರೂ ತಮ್ಮ ಗಂಟನ್ನೆಲ್ಲ ಬಿಚ್ಚಲಿಲ್ಲ, ಒಂದಷ್ಟು ವಿಳಾಸಗಳನ್ನು ಮಾತ್ರ ತೋರಿಸಿ ಉಳಿದದ್ದನ್ನು ಬಚ್ಚಿಟ್ಟುಕೊಂಡರು. ಸೇರಲೆಂದು ಕಟ್ಟಿದ ಕಟ್ಟೆಯಲ್ಲಿ ಎಲ್ಲರೂ ಬೆನ್ನಿಗೆ ಬೆನ್ನು ಕೊಟ್ಟು ಕೂತಂತಾಯಿತು. ಈಚಿನ ವರ್ಷಗಳಲ್ಲಿ ಆ ಪದ್ಧತಿಯನ್ನು ಕೈಬಿಟ್ಟರು. ಲೋಕದ ಬಹುಪಾಲು ಎಕ್ಸ್‌ಚೇಂಜುಗಳಲ್ಲಿ ಮೊದಲಿಂದ ಇರುವ ರೂಢಿ ಬೇರೆ. ಕಟ್ಟೆಯಲ್ಲಿ ನಿನಗೆಷ್ಟು ಅಗಲದ ಜಾಗ ಬೇಕೋ ಅದಕ್ಕೆ ಬಾಡಿಗೆ ಕೊಡು, ಒಬ್ಬರಿಗೊಬ್ಬರು ಏನು ಕೊಟ್ಟಿರಿ, ಏನು ತಂದಿರಿ ಎಂಬುದನ್ನು ಯಾರೂ ತೂಗುವುದಿಲ್ಲ.

ಕೇಳಿದವನಿಗೆ ಮಾತ್ರವೇ ಲಾಭ ಎಂದು ನಾವು ಹೇಗೆ ನಿರ್ಧರಿಸುತ್ತೇವೆ? ಕಿಟಕಿಯ ಹೊರಗೆ ನಿಂತ ಆ ಹುಡುಗ ಪಾಠ ಕೇಳಲು ಬಂದವನು. ಆದರೆ ಕೇಳುವವರಿಲ್ಲದಿದ್ದರೆ ನಮ್ಮ ತಂಗಿಯ ಮಗಳು ಮೇಡಂ ಆಗುವುದು ಹೇಗೆ? ಜಕಾತ್ ಕೊಡುವವನು ತಾನು ಉಪಕಾರ ಮಾಡಿದೆನೆಂದು ತಿಳಿಯಬಾರದು, ತೆಗೆದುಕೊಂಡವನು ಅವನ ಹೊರೆ ಇಳಿಸಿದ್ದಾನೆ ಎಂದು ನಮ್ಮ ಹಿರಿಯರು ಹೇಳಿಕೊಡುತ್ತಿದ್ದರು. ವಿಡಿಯೋ ಮಾರುವ ಕಂಪನಿಗೆ ನೋಡುವ ಕಣ್ಣುಗಳು ಬೇಕು. ಆ ಕಣ್ಣುಗಳನ್ನು ಮನೆಮನೆಗೆ ತಂತಿ ಎಳೆದು ಕೂಡಿಸಿಕೊಟ್ಟವನು ಅರಕಲಗೂಡಿನದೋ ಹೊಳೆನರಸೀಪುರದ್ದೋ ಅಂಗಡಿಯವನು. ಹಾಗಿದ್ದ ಮೇಲೆ ಯಾರು ಯಾರಿಗೆ ಸಾಲಗಾರರು?

ಫೋನಿನಲ್ಲಿ ಈ ಜಗಳವನ್ನು ನಾವೆಲ್ಲ ಅನುಭವಿಸಿದ್ದೇವೆ. ಮೊಬೈಲ್ ಬಂದ ಹೊಸತರಲ್ಲಿ ಬಂದ ಕರೆಗೂ ದುಡ್ಡು ಕಟ್ಟಬೇಕಿತ್ತು, 2003ರಲ್ಲಿ ಅದು ನಿಂತು ಮಾಡಿದವನೇ ಕೊಡುವ ಪದ್ಧತಿ ಬಂತು. ಆಗ ನಮ್ಮ ಜನ ಮಿಸ್ಡ್ ಕಾಲ್ ಕಂಡುಹಿಡಿದರು. ಊರಿನ ಅಮ್ಮ ಒಂದು ರಿಂಗ್ ಕೊಟ್ಟು ಇಟ್ಟುಬಿಡುತ್ತಾಳೆ, ದುಬೈಯಲ್ಲೋ ಬೆಂಗಳೂರಿನಲ್ಲೋ ಇರುವ ಮಗ ತಿರುಗಿ ಮಾಡುತ್ತಾನೆ. ಯಾವ ಇಲಾಖೆಯೂ ಬರೆದುಕೊಡದ ಈ ನಿಯಮದಲ್ಲಿ ಒಂದು ನ್ಯಾಯವಿತ್ತು, ಕೈಲಾದವನು ಕೊಡಲಿ ಎಂಬ ನ್ಯಾಯ. ಕಂಪನಿಗಳ ನಡುವಿನ ಲೆಕ್ಕ ಬೇರೆಯೇ ನಡೆಯುತ್ತಿತ್ತು. ಕರೆ ಮಾಡಿದವನ ಕಂಪನಿ ಕರೆ ತೆಗೆದುಕೊಂಡವನ ಕಂಪನಿಗೆ ನಿಮಿಷಕ್ಕೆ 14 ಪೈಸೆ ಕೊಡಬೇಕಿತ್ತು. 2017ರ ಅಕ್ಟೋಬರಿನಿಂದ ಅದು 6 ಪೈಸೆಯಾಯಿತು, 2021ರ ಜನವರಿ 1ರಿಂದ ಸೊನ್ನೆ. ಸೊನ್ನೆ ಎಂದರೆ ಖರ್ಚು ಇಲ್ಲವೆಂದಲ್ಲ. ಎಣಿಸುವುದನ್ನು ನಿಲ್ಲಿಸಿದರು, ಅಷ್ಟೆ.

ಎಣಿಸದೆ ಇರುವುದಕ್ಕೆ ನಂಬಿಕೆ ಬೇಕು. ಎಕ್ಸ್‌ಚೇಂಜ್ ಕಟ್ಟುವ ಕಸುಬಿನವರಲ್ಲಿ ಒಂದು ಮಾತಿದೆಯಂತೆ, ಇದರಲ್ಲಿ ತಂತ್ರಜ್ಞಾನ 20 ಪಾಲು, ಮನುಷ್ಯರನ್ನು ಒಪ್ಪಿಸುವುದು 80 ಪಾಲು. ಲಂಡನ್ನಿನಲ್ಲಿ 1994ರಲ್ಲಿ ಐದು ಕಂಪನಿಗಳು ಒಪ್ಪಿಕೊಂಡು ಆರಂಭಿಸಿದ ಕಟ್ಟೆ ಇವತ್ತಿಗೂ ಸದಸ್ಯರದೇ ಸಂಘವಾಗಿ ಉಳಿದಿದೆ. ಎಲ್ಲ ಕಡೆ ಇಷ್ಟು ಸಲೀಸಾಗಿ ನಡೆಯಲಿಲ್ಲ. ಕೀನ್ಯಾದ ಕಥೆ ಕೇಳಿ. ನೈರೋಬಿಯ ಕೆಲವು ಕಂಪನಿಯವರು ಸೇರಿ 2000ದ ನವೆಂಬರಿನಲ್ಲಿ ತಮ್ಮ ಎಕ್ಸ್‌ಚೇಂಜ್ ತೆರೆದರು. ಹೊರದೇಶದ ಲೈನುಗಳ ಏಕಸ್ವಾಮ್ಯವಿದ್ದ ಅಲ್ಲಿನ ಟೆಲಿಕಾಂ ಕಂಪನಿ, ಇದು ನಮ್ಮ ಹಕ್ಕಿಗೆ ಧಕ್ಕೆ ಎಂದು ದೂರು ಕೊಟ್ಟಿತು. ಎರಡು ವಾರದೊಳಗೆ ನಿಯಂತ್ರಣ ಮಂಡಳಿ ಅದನ್ನು ಮುಚ್ಚಿಸಿತು. ನೈರೋಬಿಯವರು ನೈರೋಬಿಯವರೊಡನೆ ಮಾತಾಡಲು ಮತ್ತೆ ಸಮುದ್ರ ದಾಟಬೇಕಾಯಿತು. ವಾದ, ಅಹವಾಲು ಎಲ್ಲ ಆಗಿ 2002ರ ಫೆಬ್ರವರಿಯಲ್ಲಿ ಅದು ಮತ್ತೆ ತೆರೆಯಿತು. ಹತ್ತು ವರ್ಷದ ಮೇಲೆ, 2012ರಲ್ಲಿ ಇಂಟರ್ನೆಟ್ ಸೊಸೈಟಿ ಪ್ರಕಟಿಸಿದ ವರದಿ ಹೇಳುವಂತೆ, ಅಲ್ಲಿ ಒಂದು ಸಂದೇಶಕ್ಕೆ ಹಿಡಿಯುತ್ತಿದ್ದ 200ರಿಂದ 600 ಮಿಲಿಸೆಕೆಂಡು 2ರಿಂದ 10ಕ್ಕೆ ಇಳಿದಿತ್ತು, ಕಂಪನಿಗಳಿಗೆಲ್ಲ ಸೇರಿ ವರ್ಷಕ್ಕೆ 14 ಲಕ್ಷ ಡಾಲರಿಗೂ ಹೆಚ್ಚು ಉಳಿಯುತ್ತಿತ್ತು. ಕಟ್ಟೆಯ ಮೇಲೆ ಜನ ಕೂತರೆ ತನ್ನ ಹೋಟೆಲಿಗೆ ಯಾರೂ ಬರುವುದಿಲ್ಲವೆಂದು ಹೆದರುವವನು ಎಲ್ಲ ಊರಿನಲ್ಲೂ ಇರುತ್ತಾನೆ.

ನಮ್ಮಲ್ಲಿ ಮುಚ್ಚಿಸುವವರು ಯಾರೂ ಬೇಕಾಗಿಲ್ಲ, ನಾವು ತೆರೆಯುವುದೇ ಇಲ್ಲ. ಲಾಕ್‌ಡೌನ್ ಮುಗಿದ ಮೇಲೆ ನಮ್ಮ ಹುಡುಗ ಹಾಸನದಲ್ಲಿ ಒಂದು ಸಭೆ ಸೇರಿಸಿದ. ಸಭೆಯೆಂದರೆ ಬಸ್ ನಿಲ್ದಾಣದ ಹತ್ತಿರ ಒಂದು ಹೋಟೆಲಿನ ಎರಡು ಮೇಜು. "ನೀವೂ ಬನ್ನಿ ಮಾಮೂ, ನೀವಿದ್ರೆ ಸ್ವಲ್ಪ ಮರ್ಯಾದೆಯಿಂದ ಮಾತಾಡ್ತಾರೆ" ಎಂದು ನಮ್ಮನ್ನೂ ಎಳೆದುಕೊಂಡು ಹೋಗಿದ್ದ. ಹಾಸನದ ಇಬ್ಬರು, ಅರಕಲಗೂಡಿನ ಒಬ್ಬರು, ಚನ್ನರಾಯಪಟ್ಟಣದ ಒಬ್ಬರು, ಹೊಳೆನರಸೀಪುರದ ಇವರಿಬ್ಬರು. ಯೋಚನೆ ಸರಳ. ಮೂರೂ ತಾಲೂಕಿನಿಂದ ಹಾಸನಕ್ಕೆ 30, 40 ಕಿಲೋಮೀಟರ್. ಎಲ್ಲರೂ ಹಾಸನಕ್ಕೆ ತಂತಿ ತಂದು ಒಂದು ಕೋಣೆಯಲ್ಲಿ ಸೇರುವುದು, ಅಲ್ಲಿಂದ ಬೆಂಗಳೂರಿಗೆ ಒಂದೇ ದಪ್ಪ ಹಗ್ಗವನ್ನು ಎಲ್ಲರೂ ಕೂಡಿ ಬಾಡಿಗೆಗೆ ಹಿಡಿಯುವುದು.

ಚನ್ನರಾಯಪಟ್ಟಣದವರು ಮೊದಲು ತಲೆಯಾಡಿಸಿದರು. "ನಾವಿರೋದೇ ಬೆಂಗಳೂರು ರಸ್ತೇಲಿ. ಬೆಂಗಳೂರಿಗೆ ಹೋಗೋ ದಾರಿ ಬಿಟ್ಟು ಹಿಂದಕ್ಕೆ ಹಾಸನಕ್ಕೆ ಯಾಕ್ ಬರಬೇಕು ಸ್ವಾಮಿ?" ಎಂದರು. ಅದು ನಿಜ. ಕಟ್ಟೆಯಿಂದ ಅವರಿಗೆ ಉಳಿಯುವುದು ಎಲ್ಲರಿಗಿಂತ ಕಡಿಮೆ. ಅರಕಲಗೂಡಿನವರಿಗೆ ಉಳಿಯುವುದು ಎಲ್ಲರಿಗಿಂತ ಹೆಚ್ಚು, ಅವರ ಹತ್ತಿರ ಹಾಕಲು ದುಡ್ಡಿರುವುದು ಎಲ್ಲರಿಗಿಂತ ಕಡಿಮೆ. ಸಮಪಾಲು ಹಾಕಿದರೆ ಇವರಿಗೆ ಆಗದು, ಲಾಭಕ್ಕೆ ತಕ್ಕಂತೆ ಹಾಕಿದರೂ ಇವರಿಗೇ ಆಗದು. ಹಾಸನದ ದೊಡ್ಡವರು, "ಕೋಣೆ ನಮ್ಮ ಬಿಲ್ಡಿಂಗಿನಲ್ಲೇ ಇದೆ, ಜನರೇಟರೂ ಇದೆ, ಬಾಡಿಗೆ ಬೇಡ" ಎಂದರು. ಆಗ ಮೇಜಿನ ಸುತ್ತ ಎಲ್ಲರೂ ಸುಮ್ಮನಾದರು. ಬಾಡಿಗೆ ಬೇಡ ಎಂಬ ಮಾತಿಗೆ ಎಲ್ಲರೂ ಹೆದರಿದ್ದನ್ನು ನಾವು ಕಣ್ಣಾರೆ ಕಂಡೆವು. ವಾಪಸ್ ಬರುವಾಗ ಬಸ್ಸಿನಲ್ಲಿ ಗೌಡರ ಹುಡುಗ ಹೇಳಿದ, "ಸಾರ್, ಕೋಣೆ ಅವರದ್ದಾದ್ರೆ ಬೀಗಾನೂ ಅವರದ್ದೇ ಅಲ್ವಾ?"

ಈ ಬೀಗದ ಪ್ರಶ್ನೆಯನ್ನು ನಮ್ಮ ಹಳೆಯ ಊರುಗಳು ಒಂದು ರೀತಿಯಲ್ಲಿ ಬಿಡಿಸಿಕೊಂಡಿದ್ದವು. ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಬಂದದ್ದು 1979ರಲ್ಲಿ. ಅದಕ್ಕೆ ಮುಂಚೆ ಈ ಸೀಮೆಯ ಗದ್ದೆಗಳು ಕೆರೆಗಳನ್ನೂ ನದಿಯ ಕಟ್ಟೆಕಾಲುವೆಗಳನ್ನೂ ನಂಬಿದ್ದವು, ಕೆರೆಯ ತೂಬು ನೀರುಗಂಟಿಯ ಕೈಯಲ್ಲಿರುತ್ತಿತ್ತು. ಯಾರ ಗದ್ದೆಗೆ ಯಾವ ಜಾವದಲ್ಲಿ ಎಷ್ಟು ನೀರು ಎಂಬುದು ಅವನ ಲೆಕ್ಕ. ಬರಗಾಲದಲ್ಲಿ ಅವನು ಬದುವಿನ ಮೇಲೆಯೇ ರಾತ್ರಿ ಕಳೆಯುತ್ತಿದ್ದ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವನಿಗೆ ಆಯ ಸಲ್ಲುತ್ತಿತ್ತು, ದೊಡ್ಡ ಹಿಡುವಳಿಯಿಂದ ಹೆಚ್ಚು, ಚಿಕ್ಕದರಿಂದ ಕಡಿಮೆ. ಎಲ್ಲರೂ ಕೊಡುತ್ತಿದ್ದುದರಿಂದ ಅವನು ಯಾರೊಬ್ಬನ ಆಳೂ ಆಗಿರಲಿಲ್ಲ. ಪಟೇಲನೊಬ್ಬನೇ ಸಾಕುವಂತಿದ್ದರೆ ನೀರು ಪಟೇಲನ ಗದ್ದೆಗೇ ಹರಿಯುತ್ತಿತ್ತು.

ಇದನ್ನು ಹೊಗಳಿ ಮುಂದೆ ಹೋದರೆ ತಪ್ಪಾಗುತ್ತದೆ. ಹಳೆಮೈಸೂರಿನಲ್ಲಿ ನೀರುಗಂಟಿ ಹೆಚ್ಚಾಗಿ ದಲಿತನೇ. ಊರಿನ ಅಷ್ಟೂ ನೀರನ್ನು ನಂಬಿ ಅವನ ಕೈಗೆ ಕೊಟ್ಟ ಊರು, ತನ್ನ ಬಾವಿಯಿಂದ ಒಂದು ಕೊಡ ಸೇದಲು ಅವನನ್ನು ಬಿಡುತ್ತಿರಲಿಲ್ಲ. ಎಲ್ಲರ ನಡುವೆ ನಿಂತು ಕಾಯುವವನು ನಮಗೆ ಬೇಕು, ಆದರೆ ಅವನು ನಮ್ಮ ಪಂಕ್ತಿಯಲ್ಲಿ ಕೂರಬಾರದು. ಈ ರೋಗ ಹಿಂದೂಗಳದು ಮಾತ್ರ ಎಂದು ನಮ್ಮವರು ಬೀಗಬೇಕಾಗಿಲ್ಲ. ನಮ್ಮ ಮೊಹಲ್ಲಾಗಳಲ್ಲಿ ಮಿನಾರಿಗೆ ಅಮೃತಶಿಲೆ ಹಾಕಿಸಲು ಲಕ್ಷಗಟ್ಟಲೆ ಚಂದಾ ಎರಡು ಜುಮಾದಲ್ಲಿ ಕೂಡುತ್ತದೆ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಬೀಗ ತೆಗೆದು, ಹೌಜಿಗೆ ನೀರು ಬಿಟ್ಟು, ಬಾಂಗ್ ಕೊಡುವ ಮುಅಜ್ಜಿನನ ಸಂಬಳದ ಮಾತು ಬಂದರೆ ಜಮಾತಿನ ಸಭೆ ಮುಂದಕ್ಕೆ ಹೋಗುತ್ತದೆ. ಕಲ್ಲಿಗೆ ಹೆಸರು ಕೆತ್ತಿಸಬಹುದು, ಮುಅಜ್ಜಿನನ ಬೆಳಗಿನ ನಿದ್ದೆಗೆ ಹೆಸರು ಕೆತ್ತಿಸುವುದೆಲ್ಲಿ? ಎಕ್ಸ್‌ಚೇಂಜಿನ ಪೆಟ್ಟಿಗೆಗೂ ಹೀಗೆಯೇ ದಾನಿಗಳು ಸಿಗುತ್ತಾರೆ, ಉದ್ಘಾಟನೆಗೆ ಫೋಟೋ ಇರುತ್ತದೆ. ಡೀಸೆಲಿಗೆ ಮತ್ತು ರಾತ್ರಿಯ ಮನುಷ್ಯನಿಗೆ ಯಾರೂ ಸಿಗುವುದಿಲ್ಲ. ಅವನ ಸಂಬಳ ಎಲ್ಲರಿಂದಲೂ ಬರಬೇಕು, ಕೈಲಾದವರಿಂದ ಹೆಚ್ಚು ಬರಬೇಕು, ಮತ್ತು ಸಭೆಯಲ್ಲಿ ಅವನಿಗೂ ಒಂದು ಕುರ್ಚಿ ಇರಬೇಕು. ನಮ್ಮ ಅಭಿಪ್ರಾಯ ಇಷ್ಟೇ. ಇದು ಧರ್ಮವಲ್ಲ, ಕಟ್ಟೆ ಉಳಿಯಲು ಬೇಕಾದ ಗಾರೆ.

ಹಾಸನದವರ ಬಾಡಿಗೆ ಬೇಡವೆಂಬ ಮಾತಿಗೆ ಮತ್ತೆ ಬರೋಣ. ಮದೀನಾದ ರೂಮಾ ಬಾವಿಯ ಪ್ರಸಂಗ ನಮ್ಮ ಓದುಗರಲ್ಲಿ ಹಲವರಿಗೆ ಗೊತ್ತಿರುತ್ತದೆ. ಮಕ್ಕಾದಿಂದ ಬಂದ ಜನಕ್ಕೆ ಸಿಹಿನೀರಿನ ಕೊರತೆ. ಆ ಬಾವಿಯ ಒಡೆಯ ನೀರು ಮಾರುತ್ತಿದ್ದ. ಅದನ್ನು ಕೊಂಡು ಎಲ್ಲರಿಗಾಗಿ ಬಿಡುವವರು ಯಾರು ಎಂದು ಪ್ರವಾದಿಯವರು ಕೇಳಿದರು, ಹಜ್ರತ್ ಉಸ್ಮಾನ್ ಕೊಂಡು ವಕ್ಫ್ ಮಾಡಿದರು. ದಾನದ ಕಥೆಯೆಂದು ಇದನ್ನು ಮಕ್ಕಳಿಗೆ ಹೇಳುತ್ತೇವೆ. ಆದರೆ ಆ ಕೋರಿಕೆಯಲ್ಲಿ ಒಂದು ಷರತ್ತಿತ್ತು, ಕೊಂಡವನ ಬಕೆಟೂ ಉಳಿದವರ ಬಕೆಟಿನ ಸಾಲಿನಲ್ಲೇ ಇರಬೇಕು. ದುಡ್ಡು ಕೊಟ್ಟವನಿಗೆ ಮೊದಲ ಸರದಿ ಇಲ್ಲ. ಒಂದು ಬಕೆಟ್ ಹೆಚ್ಚಿಲ್ಲ. ಹಾಸನದ ಕೋಣೆಯ ಬಗ್ಗೆ ಉಳಿದವರು ಹೆದರಿದ್ದು ಈ ಷರತ್ತು ಅಲ್ಲಿ ಇರಲಿಲ್ಲವೆಂದೇ. ಕೋಣೆ ಕೊಟ್ಟವರು ಒಳ್ಳೆಯವರೇ ಇರಬಹುದು. ಒಳ್ಳೆಯತನದ ಮೇಲೆ ನಿಂತ ಕಟ್ಟೆ ಅವರ ಮಗನ ಕಾಲಕ್ಕೆ ಯಾರದಾಗುತ್ತದೆ ಎಂಬುದಕ್ಕೆ ನಮ್ಮ ವಕ್ಫ್ ಆಸ್ತಿಗಳೇ ಸಾಕ್ಷಿ.

ಇಷ್ಟೆಲ್ಲ ಮಾಡಿ ಕಟ್ಟೆ ಕಟ್ಟಿದರೆ ಅದರ ಮೇಲೆ ಕೂತು ನಾವು ಮಾತಾಡುವುದಾದರೂ ಏನು? ಈ ಪ್ರಶ್ನೆ ನಮ್ಮ ಹುಡುಗನದೇ. ಹಾಸನದಲ್ಲಿ ಎಕ್ಸ್‌ಚೇಂಜ್ ಇದ್ದಿದ್ದರೆ ವಾಟ್ಸಾಪ್ ಬೇಗ ಹೋಗುತ್ತಿತ್ತಲ್ಲವೇ ಎಂದು ನಾವು ಉತ್ಸಾಹದಿಂದ ಕೇಳಿದಾಗ ಅವನು ನಕ್ಕುಬಿಟ್ಟ. "ಇಲ್ಲ ಮಾಮೂ. ಅದರ ಕಂಪ್ಯೂಟರ್ ಹಾಸನದಲ್ಲಿಲ್ಲ. ನೀವು ಎದುರು ಮನೆಗೆ ಸಲಾಂ ಕಳಿಸಿದ್ರೂ ಅದು ಅವರ ಮನೆಗೆ ಹೋಗಿಯೇ ಬರಬೇಕು." ಗಿರಾಕಿಗಳು ತರಿಸಿಕೊಳ್ಳುವುದರಲ್ಲಿ ದೊಡ್ಡ ಪಾಲು ಎರಡು ಮೂರು ಭಾರಿ ಕಂಪನಿಗಳ ವಿಡಿಯೋ. ಅವರು ಬೇಕಾದ ಕಡೆ ತಮ್ಮದೇ ಪೆಟ್ಟಿಗೆ ತಂದಿಟ್ಟು ಅಲ್ಲಿಂದಲೇ ಬಡಿಸುತ್ತಾರೆ. ನಮ್ಮ ಊರಿನಿಂದ ನಮ್ಮ ಊರಿಗೇ ಹೋಗುವುದೆಂದರೆ ತಾಲೂಕಿನ ಲ್ಯಾಬಿನಿಂದ ಹಾಸನದ ಡಾಕ್ಟರಿಗೆ ಸ್ಕ್ಯಾನ್ ಚಿತ್ರ, ಕಾಲೇಜಿನ ಪಾಠ, ಅಂಗಡಿಯ ಕ್ಯಾಮೆರಾ, ಇಂಥವು. ಸಂತೆಗೆ ನಾವು ಬರಿಗೈಯಲ್ಲಿ ಹೋಗಿ ಕೊಂಡುಕೊಂಡೇ ಬರುವವರಾಗಿದ್ದೇವೆ. ಬೀಜದ ಆಲೂಗಡ್ಡೆಯನ್ನು ಜಲಂಧರದಿಂದ ತರಿಸುವ ಜಿಲ್ಲೆಗೆ ಇದು ಹೊಸದೇನಲ್ಲ, ಆದರೆ ಆಲೂಗಡ್ಡೆಯನ್ನಾದರೂ ನಾವು ನೆಟ್ಟು ಬೆಳೆಯುತ್ತೇವೆ.

ಹಾಗಾದರೆ ಕಟ್ಟೆ ಬೇಡವೇ? ನಮಗೆ ಹಾಗನ್ನಿಸುವುದಿಲ್ಲ. ಅರಳಿಕಟ್ಟೆಯನ್ನು ಯಾರೂ ಮಾತು ಮುಗಿದ ಮೇಲೆ ಕಟ್ಟಿಲ್ಲ. ನಮ್ಮ ತಂಗಿಯ ಮಗಳ ಪಾಠ ಬೆಂಗಳೂರಿನ ಹಂಗಿಲ್ಲದೆ ಬೀದಿಯ ಅರ್ಧ ಭಾಗಕ್ಕೆ ತಲುಪಿತ್ತು. ಇನ್ನರ್ಧಕ್ಕೂ ತಲುಪುವ ದಾರಿ ಇದ್ದಿದ್ದರೆ ಇನ್ನೊಬ್ಬ ಮೇಡಂ ಪಕ್ಕದ ಬೀದಿಯಲ್ಲಿ ವಿಜ್ಞಾನ ಶುರುಮಾಡುತ್ತಿದ್ದಳೋ ಏನೋ. ದಾರಿಯಿಲ್ಲದ ಊರಿನಲ್ಲಿ ಯಾರೂ ಗಾಡಿ ಮಾಡಿಸುವುದಿಲ್ಲ, ಗಾಡಿಯೇ ಇಲ್ಲದ ಊರಿಗೆ ದಾರಿ ಯಾಕೆಂದು ಸರ್ಕಾರ ಕೇಳುತ್ತದೆ.

ಹಾಸನದ ಸಭೆ ಮತ್ತೆ ಸೇರಲಿಲ್ಲ. ಆದರೆ ಹೊಳೆನರಸೀಪುರದ ಇಬ್ಬರೂ ಒಂದು ದಿನ ಮನಸ್ಸು ಮಾಡಿದರು. ಪೂರಾ ಎಕ್ಸ್‌ಚೇಂಜ್ ಅಲ್ಲದಿದ್ದರೂ ಇಬ್ಬರ ನಡುವೆ ಒಂದು ಎಳೆ. ಪೆಟ್ಟಿಗೆ ಯಾರ ಅಂಗಡಿಯಲ್ಲಿ ಎಂಬ ಮಾತಿಗೆ ಮೂರು ದಿನ ಹೋಯಿತು. ಕೊನೆಗೆ ಇವನದೂ ಬೇಡ, ಅವನದೂ ಬೇಡ ಎಂದು ಬೀದಿಯ ತಿರುವಿನ ಟೈಲರ್ ಅಂಗಡಿಯನ್ನು ಒಪ್ಪಿಕೊಂಡರು. ವಯಸ್ಸಾದ ಟೈಲರ್, ಇಬ್ಬರ ಸ್ಕೂಲಿನ ಯೂನಿಫಾರ್ಮನ್ನೂ ಹೊಲಿದವರು. ಹಲಗೆಯ ಮೇಲೆ ಬಟ್ಟೆಗಳ ಗಂಟನ್ನು ಸರಿಸಿ ಜಾಗ ಮಾಡಿಕೊಟ್ಟರು. ಎಳೆ ಬಂತು, ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿತು. ಆ ದಿನ ನಾವು ಅಲ್ಲೇ ಇದ್ದೆವು, ಚಹಾ ತರಿಸಿದೆವು.

"ಅಲ್ಲಾ ಕಣ್ರಪ್ಪಾ, ಇದು ರಾತ್ರಿಯೆಲ್ಲ ಉರೀತದಲ್ಲ, ಕರೆಂಟ್ ಬಿಲ್ ಯಾರು ಕೊಡೋದು?" ಎಂದು ಕೇಳಿದರು ಟೈಲರ್.

"ಅರ್ಧ ಅರ್ಧ," ಎಂದ ನಮ್ಮ ಹುಡುಗ.

"ಯಾಕೋ ಅರ್ಧ?" ಎಂದ ಗೌಡರ ಹುಡುಗ. "ನನ್ ಗಿರಾಕಿ ನಿನಗಿಂತ ಕಮ್ಮಿ."

"ಕಮ್ಮಿ ಇದ್ರೂ ಎಳ್ಕೊಳ್ಳೋದು ನಿನ್ ಕಡೆಯೋರೇ ಜಾಸ್ತಿ. ಪಾಠ ಇರೋದು ನನ್ ಲೈನಲ್ಲಿ."

ಟೈಲರ್ ಲೆಕ್ಕ ಬರೆಯಲೆಂದು ಕೈಗೆತ್ತಿಕೊಂಡಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಮಿಷನ್ನಿನ ಮುಂದೆ ಕೂತು, ನಿಲ್ಲಿಸಿದ್ದ ಹೊಲಿಗೆಯನ್ನು ಮುಂದುವರಿಸಿದರು.